ಮೂರು ಮೀಟರ್ ಹಲಗೆಯ ಕೂಗು

ನಮ್ಮ ಬಳಗದಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನ ತಂಗಿ ಶಿಲ್ಪಶ್ರೀಯ ಎಡಗಣ್ಣು ಹೋದದ್ದು ಅಪ್ಪನ ಬಾಯಿಂದ ಎನ್ನುತ್ತಾರೆ. ಕೊಟ್ಟೂರಿನಲ್ಲಿರುವ ನೆಂಟರಿಗೂ ಇದು ಗೊತ್ತು. ಅಪ್ಪನೂ ಅದನ್ನೇ ನಂಬಿದ್ದರು. ಹದಿನಾಲ್ಕು ವರ್ಷ ನಾನು ಆ ನಂಬಿಕೆಯನ್ನು ಕದಲಿಸಲು ಹೋಗಲಿಲ್ಲ. ಅದು ಕದಲಿದರೆ ಕಳೆದುಕೊಳ್ಳುವವಳು ನಾನೇ ಆಗಿದ್ದೆ.

ಅಪ್ಪ, ಅಂದರೆ ಕೊಟ್ರಪ್ಪ, ಮದ್ರಾಸಿಗೆ ಬಂದು ಬ್ಯಾಡಗಿ ಮೆಣಸಿನಕಾಯಿಯ ಮಂಡಿ ಇಟ್ಟವರು. ಮನೆ ಕ್ರೋಂಪೇಟೆಯಲ್ಲಿ. ಮಂಡಿಯಲ್ಲಿ ಹರಾಜು ಕೂಗಲು ಅವರಿಗೆ ಮೈಕು ಬೇಕಿರಲಿಲ್ಲ. ಅಂಥ ಗಂಟಲು. ಹುಡುಗರಾಗಿದ್ದಾಗ ಹೊಸಪೇಟೆಯ ಕಾಲುವೆಗೆ ಸೇತುವೆಯ ಮೇಲಿಂದ ಲಾಗ ಹಾಕುತ್ತಿದ್ದರಂತೆ. ಎಂಟು ವರ್ಷದ ನನ್ನನ್ನು ಈಜು ಕಲಿಸಲೆಂದು ವೇಲಚ್ಚೇರಿ ಕಡೆಯ ಕೊಳಕ್ಕೆ ಕರೆದುಕೊಂಡು ಹೋದ ದಿನ, ಪಕ್ಕದ ಆಳವಾದ ಕೊಳದಲ್ಲಿ ಮೂರು ಮೀಟರ್ ಎತ್ತರದ ಹಲಗೆಯಿಂದ ಹುಡುಗರು ಚಿಮ್ಮಿ ಸುತ್ತು ಹೊಡೆದು ಬೀಳುವುದನ್ನು ನೋಡಿದರು. ಈಜು ಅಲ್ಲಿಗೇ ಮುಗಿಯಿತು. "ಇದು ನಮ್ಮಾಟ," ಎಂದರು. ಆಟ ಅವರದು, ಬೀಳುವುದು ಮಾತ್ರ ನಾನು.

ಮೊದಮೊದಲು ಹೊಟ್ಟೆ ಅಡಿಯಾಗಿ ನೀರಿಗೆ ಅಪ್ಪಳಿಸಿ ತೊಡೆ, ಹೊಟ್ಟೆ ಎಲ್ಲ ಕೆಂಪು ಬಾಸುಂಡೆ. ಅಳುತ್ತ ದಡಕ್ಕೆ ಬಂದರೆ ಅಪ್ಪ ಕಣ್ಣೊರೆಸುತ್ತಿದ್ದರು. ಮಂಡಿಯಿಂದ ನೇರ ಬಂದ ಕೈ ಅದು, ಎಷ್ಟು ತೊಳೆದರೂ ಮೆಣಸಿನಕಾಯಿಯ ಖಾರ ಹೋಗುತ್ತಿರಲಿಲ್ಲ. ಒರೆಸಿದ ಮೇಲೆ ಉರಿ ಇನ್ನೂ ಹೆಚ್ಚು. ಅವರು ಬೇಕೆಂದೇ ಹಾಗೆ ಮಾಡುತ್ತಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಎರಡು ತಿಂಗಳಲ್ಲಿ ನಾನು ಅಳುವುದನ್ನು ಬಿಟ್ಟೆ.

ಕೋಚ್ ಒಬ್ಬರಿದ್ದರು, ಧನಪಾಲ್ ಸರ್. ಮೂವತ್ತು ಮಕ್ಕಳಿಗೆ ಒಬ್ಬರೇ. ಹೇಗೆ ನಡೆಯಬೇಕು, ಹಲಗೆಯನ್ನು ಹೇಗೆ ಒತ್ತಬೇಕು, ಕೈ ಎಲ್ಲಿರಬೇಕು ಎಂದು ಅವರು ಕಲಿಸುತ್ತಿದ್ದರು. ಕೂಗುವ ಕೆಲಸವನ್ನು ಮಾತ್ರ ಅಪ್ಪ ತಾವೇ ವಹಿಸಿಕೊಂಡರು. ಕೂಗು ಎಂದರೇನೆಂದು ಹೇಳಬೇಕು. ಗಾಳಿಯಲ್ಲಿ ಸುತ್ತು ಹೊಡೆಯುವಾಗ ಮೊಣಕಾಲುಗಳನ್ನು ಎದೆಗೆ ಅಪ್ಪಿಕೊಂಡು ಮುದ್ದೆಯಾಗಿರುತ್ತೇವೆ. ಮೇಲು ಯಾವುದು, ಕೆಳಗು ಯಾವುದು ತಿಳಿಯುವುದಿಲ್ಲ. ಯಾವ ಕ್ಷಣಕ್ಕೆ ಕಾಲು ಬಿಟ್ಟು ಮೈಯನ್ನು ಉದ್ದಕ್ಕೆ ಚಾಚಬೇಕು ಎಂಬುದನ್ನು ದಡದಲ್ಲಿ ನಿಂತವರು ಕೂಗಿ ಹೇಳಬೇಕು. ಅನುಭವ ಬಂದವರು ತಾವೇ ನೀರನ್ನು ಗುರುತು ಹಿಡಿಯುತ್ತಾರೆ. ಅಲ್ಲಿಯವರೆಗೆ ಕೂಗೇ ಕಣ್ಣು.

ಕೊಳದ ಸುತ್ತ ಎಲ್ಲರೂ "ಔಟ್", "ಹಪ್" ಎಂದು ಕೂಗುವವರೇ. ಎರಡು ಹಲಗೆಗಳಿಂದ ಒಟ್ಟಿಗೆ ಹಾರುವಾಗ ಯಾರ ಕೂಗು ಯಾರಿಗೆಂದು ಗೊಂದಲ. ಅದಕ್ಕೆ ಅಪ್ಪ ನಮ್ಮ ಕಡೆಯ ಮಾತನ್ನು ಆರಿಸಿದರು. "ಒಗಿ!" ನಮ್ಮೂರಲ್ಲಿ ಎಸೆ ಎನ್ನುವುದಕ್ಕೆ ಹಾಗೆನ್ನುತ್ತಾರೆ. ಕಾಲನ್ನು ಒಗಿ, ಮೈಯನ್ನು ಒಗಿ. ಇಡೀ ಚೆನ್ನೈಯ ಕೊಳದಲ್ಲಿ ಆ ಮಾತು ನಮ್ಮ ಮನೆಯವರ ಬಾಯಿಂದ ಬಿಟ್ಟು ಇನ್ನಾರ ಬಾಯಿಂದಲೂ ಬರುವಂತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಇದ್ದಕ್ಕಿದ್ದಂತೆ "ಒಗಿ!" ಎನ್ನುತ್ತಿದ್ದರು. ಕೈಯಲ್ಲಿ ರೊಟ್ಟಿ ಇದ್ದರೂ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಅವ್ವ ಬೈಯುತ್ತಿದ್ದಳು. ಅಪ್ಪ ನಗುತ್ತಿದ್ದರು. ನನಗೂ ಹೆಮ್ಮೆಯೇ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವ್ವ ಸರ್ವಮಂಗಳಾಳಿಗೆ ಈ ಹಾರಾಟದಲ್ಲಿ ಎರಡು ತಕರಾರು. ಒಂದು, ಮೈ ಒರೆಸಲು ಅಪ್ಪ ಪಕ್ಕದ ಟ್ಯಾನರಿಯಿಂದ ತಂದಿದ್ದ ಮೆತ್ತನೆಯ ಚರ್ಮದ ತುಂಡು. ಹಾರುವವರೆಲ್ಲ ಅಂಥದೊಂದನ್ನು ಇಟ್ಟುಕೊಳ್ಳುತ್ತಾರೆ, ನೀರನ್ನು ಬೇಗ ಹೀರುತ್ತದೆ. ಅವ್ವ ಅದನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಅದು ಕಾಂಪೌಂಡಿನ ಗೋಡೆಯ ಮೇಲೆ, ಚಪ್ಪಲಿಗಳ ನೆರೆಯಲ್ಲಿ ಒಣಗುತ್ತಿತ್ತು. ಎರಡನೆಯದು ಲಿಂಗ. ಕೊರಳಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ ಇಟ್ಟುಕೊಂಡು ಹಾರುವಂತಿಲ್ಲ, ದಾರ ಕತ್ತಿಗೆ ಬಿಗಿಯಬಹುದು, ಕರಡಿಗೆ ಮುಖಕ್ಕೆ ಬಡಿಯಬಹುದು. ತೆಗೆದು ಚೀಲದಲ್ಲಿಡಲು ಅವ್ವ ಸುತರಾಂ ಒಪ್ಪಲಿಲ್ಲ. "ಮೈಮ್ಯಾಲಿಂದ ತಗದು ಮೂಲ್ಯಾಗ ಇಡಾಕ ಅದೇನು ವಾಚೇನು?" ಕಡೆಗೆ ಅವಳೇ ದಾರಿ ಹುಡುಕಿದಳು. ಮಗಳು ಹಲಗೆಯ ಮೇಲಿರುವಷ್ಟು ಹೊತ್ತು ಆ ಕರಡಿಗೆ ಮನೆಯವರೊಬ್ಬರ ಎಡ ಅಂಗೈಯಲ್ಲಿರಬೇಕು. ಹಿಡಿದವರು ಅದನ್ನು ಕೆಳಗಿಡಬಾರದು, ಕೈ ಬದಲಿಸಬಾರದು. ನಾನು ಹಾರುವಾಗ ಅವ್ವ ಗ್ಯಾಲರಿಯಲ್ಲಿ ಕೂತು ಹಿಡಿಯುತ್ತಿದ್ದಳು.

ಹನ್ನೆರಡಕ್ಕೆ ನನಗೆ ರಾಜ್ಯ ಮಟ್ಟದಲ್ಲಿ ಕಂಚು ಬಂತು. ಹದಿಮೂರಕ್ಕೆ ಬೆಳ್ಳಿ. ಹದಿನಾಲ್ಕಕ್ಕೆ ನಾನು ಬೆಳೆದುಬಿಟ್ಟೆ. ಒಂದೇ ವರ್ಷದಲ್ಲಿ ಒಂದು ಗೇಣು. ಉದ್ದ ಮೈ ಸುತ್ತುವುದಿಲ್ಲ. ಎರಡೂವರೆ ಸುತ್ತಿನ ಬದಲು ಎರಡೂಕಾಲಿಗೆ ನೀರು ಬರುತ್ತಿತ್ತು, ಬೆನ್ನು ಅಪ್ಪಳಿಸುತ್ತಿತ್ತು. ಧನಪಾಲ್ ಸರ್, "ಪರವಾಯಿಲ್ಲೆ, ಟೈಮ್ ಕೊಡಿ," ಎಂದರು. ಅಪ್ಪ ಟೈಮ್ ಕೊಡುವ ಪೈಕಿ ಅಲ್ಲ. ಒಂದು ಸಂಜೆ ನಾನು ಹಲಗೆಯ ತುದಿಯಲ್ಲಿ ಕೈ ಚಾಚಿ ನಿಂತಿದ್ದೆ. ಕೆಳಗಿನಿಂದ, ಎಲ್ಲರೆದುರು, ಹರಾಜಿನ ಗಂಟಲಲ್ಲಿ ಕೂಗಿದರು.

"ಇಳಿ ಸಾಕು. ಎಮ್ಮಿ ಹಾರಿದಂಗ ಹಾರ್ತಿ."

ನಡೆದು ಏಣಿ ಇಳಿದು ಬಂದೆ. ಹಾರದೆ ಏಣಿಯಿಂದ ಇಳಿಯುವುದಕ್ಕಿಂತ ಅವಮಾನ ಆ ಜಾಗದಲ್ಲಿ ಇನ್ನೊಂದಿಲ್ಲ. ಅಪ್ಪ ನನ್ನ ಹೆಗಲ ಮೇಲಿದ್ದ ಚರ್ಮದ ತುಂಡನ್ನು ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದ ಶಿಲ್ಪಶ್ರೀಯ ಹೆಗಲಿಗೆ ಹಾಕಿದರು. ಅವಳಿಗೆ ಆಗ ಹನ್ನೊಂದು. ಎರಡು ವರ್ಷದಿಂದ ಒಂದು ಮೀಟರಿನ ಹಲಗೆಯಲ್ಲಿ ಆಡಿಕೊಂಡಿದ್ದವಳು, ಗಿಡ್ಡಗೆ, ಗುಂಡಗೆ ಇದ್ದಳು. ನನ್ನ ಚರ್ಮದ ತುಂಡನ್ನು ಮೂಸಿ ನೋಡಿ, "ಅಕ್ಕನ ವಾಸನಿ," ಎಂದು ಮುಖ ಹಿಂಡಿದಳು. ಅಪ್ಪ ಬಿದ್ದು ಬಿದ್ದು ನಕ್ಕರು.

ಅವಳು ನನಗಿಂತ ಚೆನ್ನಾಗಿ ಹಾರುತ್ತಿದ್ದಳು. ಇದನ್ನು ಹೇಳುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ, ಆದರೂ ನಿಜ ನಿಜವೇ. ಹಲಗೆ ಅವಳನ್ನು ಮೇಲಕ್ಕೆ ಎಸೆಯುತ್ತಿತ್ತು, ಅವಳು ಅಲ್ಲಿ ಒಂದು ಗಳಿಗೆ ನಿಂತೇಬಿಡುತ್ತಿದ್ದಳು. ನೀರಿಗೆ ಹೋಗುವಾಗ ಸದ್ದೇ ಇಲ್ಲ. ಹದಿಮೂರಕ್ಕೆ ರಾಜ್ಯದ ಚಿನ್ನ, ಹದಿನಾಲ್ಕಕ್ಕೆ ರಾಷ್ಟ್ರೀಯ ಜೂನಿಯರ್ ಕೂಟದಲ್ಲಿ ಚಿನ್ನ. ಮುಂಜಾನೆ ಐದಕ್ಕೆ ಜಿಮ್ಮಿನ ಚಾಪೆ, ಆರಕ್ಕೆ ಕೊಳ, ಸ್ಕೂಲು, ಮತ್ತೆ ಸಂಜೆ ಕೊಳ. ಊಟದಲ್ಲಿ ಅವಳ ರೊಟ್ಟಿಯನ್ನು ಅಪ್ಪನೇ ಮುರಿದು ಅರ್ಧ ತೆಗೆದಿಡುತ್ತಿದ್ದರು. ಜ್ವರವಿದ್ದರೂ ಬಿಡುವಿಲ್ಲ. ಒಮ್ಮೆ ಕಿವಿಯಿಂದ ರಕ್ತ ಬಂದಾಗ ಹತ್ತಿ ತುರುಕಿ ಮತ್ತೆ ಹಲಗೆ ಹತ್ತಿಸಿದರು. ಅವಳು ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದಳು, ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿದ್ದಳು. ಅದು ನನಗೆ ಬಹಳ ತಡವಾಗಿ ತಿಳಿಯಿತು.

ಅವಳಿಗೊಂದು ಊನವಿತ್ತು. ದೂರದ್ದು ಕಾಣುತ್ತಿರಲಿಲ್ಲ. ದಪ್ಪ ಕನ್ನಡಕ. ಅದನ್ನು ತೆಗೆದು ಹಲಗೆ ಹತ್ತಿದರೆ ಕೊಳವೆಲ್ಲ ಒಂದೇ ನೀಲಿ ಮಬ್ಬು. ಉಳಿದವರು ನೀರನ್ನು ನೋಡಿ ಕಾಲು ಬಿಡುವಷ್ಟು ಪಳಗಿದ ಮೇಲೂ ಅವಳಿಗೆ ಕೂಗು ಬೇಕಾಗಿತ್ತು. ಸ್ಪರ್ಧೆಯ ಹಾರಾಟದಲ್ಲಿ ಯಾರೂ ಕೂಗುವಂತಿಲ್ಲ. ಆದ್ದರಿಂದ ಅಪ್ಪ ಅಭ್ಯಾಸದಲ್ಲಿ ಒಂದೊಂದು ಹಾರಾಟವನ್ನೂ ನೂರಾರು ಸಲ ಕೂಗಿ ಕೂಗಿ ಆ ಹೊತ್ತನ್ನು ಅವಳ ಮೈಯೊಳಗೆ ಇಳಿಸುತ್ತಿದ್ದರು. "ಒಗಿ" ಎಂದರೆ ಅವಳ ತಲೆ ಯೋಚಿಸುತ್ತಿರಲಿಲ್ಲ. ಮೈ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಮಂಡಿಯಲ್ಲಿ ಸುಗ್ಗಿಯಿದ್ದಾಗ ಅಪ್ಪನಿಗೆ ಬರಲಾಗುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಕೂಗುತ್ತಿದ್ದೆ. ನಾನೂ ಹಾರಿದವಳಲ್ಲವೇ, ಆ ಹೊತ್ತು ನನ್ನ ಮೈಗೂ ಗೊತ್ತಿತ್ತು. ಅಪ್ಪನಿಗಿಂತ ನನ್ನದೇ ಸರಿಯಾಗಿ ಬೀಳುತ್ತಿತ್ತು. ಎರಡು ವರ್ಷ ನಾನು ಬದುಕಿದ್ದು ಆ ಒಂದು ಶಬ್ದದ ಮೇಲೆ. ನನ್ನ ಬಾಯಿ, ಅವಳ ಮೈ. ಅವಳು ನೀರಿನಿಂದ ತಲೆಯೆತ್ತಿ, "ಅಕ್ಕಾ, ಸೂಪರ್. ನೀನ ದಿನಾ ಕೂಗು," ಎಂದಾಗ ದಡದಲ್ಲಿ ನನಗೆ ರೆಕ್ಕೆ ಮೂಡುತ್ತಿತ್ತು. ಒಂದು ದಿನ ಧನಪಾಲ್ ಸರ್ ಅಪ್ಪನೆದುರೇ, ದೊಡ್ಡವಳ ಟೈಮಿಂಗ್ ನಿಮಗಿಂತ ಚೆನ್ನ ಎಂದು ಹೇಳಿಬಿಟ್ಟರು. ಪಾಪ, ಒಳ್ಳೆಯದನ್ನೇ ಹೇಳಿದರು. ಅಂದಿನಿಂದ ಅಪ್ಪ ಸುಗ್ಗಿಯಲ್ಲೂ ಮಂಡಿ ಬಿಟ್ಟು ಬರತೊಡಗಿದರು. ನನಗೆ ಉಳಿದದ್ದು ಕರಡಿಗೆ ಹಿಡಿಯುವ ಕೆಲಸ. ಅವ್ವನಿಗೆ ಮೊಣಕಾಲು ನೋವು ಶುರುವಾಗಿ ಗ್ಯಾಲರಿಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ನನಗೆ ಹತ್ತೊಂಬತ್ತು, ಅವಳಿಗೆ ಹದಿನಾರು. ಹೊರದೇಶದ ಕೂಟಕ್ಕೆ ಹೋಗುವ ತಂಡದ ಆಯ್ಕೆ ನಮ್ಮ ಕೊಳದಲ್ಲೇ ಇತ್ತು. ಒಬ್ಬಳಿಗೆ ಜಾಗ. ಆ ಬೆಳಿಗ್ಗೆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ನಾನು ಮೆಲ್ಲಗೆ, "ಅಪ್ಪ, ಪ್ರಾಕ್ಟೀಸಿಗೆ ಇವತ್ತೊಂದಿನ ನಾನು ಕೂಗ್ಲೇನು?" ಎಂದೆ. ಎರಡು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು ಅದು.

ಅಪ್ಪ ಕನ್ನಡಿಯಲ್ಲೂ ನನ್ನತ್ತ ನೋಡಲಿಲ್ಲ. "ನೀ ಯಾಕ ಬರಾಕತ್ತೀ ಗೊತ್ತೈತಿಲ್ಲ? ಲಿಂಗ ಹಿಡಿಯಾಕ ಒಂದು ಕೈ ಬೇಕು. ಬಾಯಿ ಮನ್ಯಾಗ ಬಿಟ್ಟು ಬಾ."

ಶಿಲ್ಪಶ್ರೀ ನಕ್ಕಳು. ಅಪ್ಪನ ಮಾತು ನನಗೆ ಹೊಸದಲ್ಲ. ಅವರ ಪಕ್ಕದಲ್ಲಿ, ಮುಂದಿನ ಸೀಟಿನಲ್ಲಿ ಕೂತು ಅವಳು ನಕ್ಕದ್ದು ಹೊಸದು. ನನ್ನ ಕೂಗಿಗೆ ಸೂಪರ್ ಎಂದ ಬಾಯಿಯೇ ಅದು. ಕೊಳ ಬರುವವರೆಗೂ ನಾನು ಕಿಟಕಿಯಾಚೆ ನೋಡುತ್ತ ಕೂತೆ. ಅಲ್ಲಿ ಕಾರಿನಿಂದ ಇಳಿದವಳೇ ಅವಳು ಶಿವದಾರವನ್ನು ತಲೆಯ ಮೇಲಿಂದ ತೆಗೆದು ಕರಡಿಗೆಯನ್ನು ನನ್ನ ಅಂಗೈಗೆ ಹಾಕಿದಳು. ಬೆಳ್ಳಿ ಇನ್ನೂ ಅವಳ ಮೈಯ ಬಿಸಿಯಲ್ಲೇ ಇತ್ತು.

ಸ್ಪರ್ಧೆಗೆ ಮುನ್ನ ಅರ್ಧ ಗಂಟೆ ಅಭ್ಯಾಸ. ಎರಡೂ ಹಲಗೆಗಳು ಬಡಿಯುತ್ತಿದ್ದವು, ಹತ್ತಾರು ಊರುಗಳ ಕೋಚುಗಳು ಒಟ್ಟೊಟ್ಟಿಗೆ ಅರಚುತ್ತಿದ್ದರು. ಶಿಲ್ಪಶ್ರೀ ಕೊನೆಯದಾಗಿ ತನ್ನ ಕಷ್ಟದ ಹಾರಾಟಕ್ಕೆ ಹತ್ತಿದಳು. ನೀರಿಗೆ ಬೆನ್ನು ಮಾಡಿ ಹಲಗೆಯ ತುದಿಯಲ್ಲಿ ತುದಿಗಾಲಲ್ಲಿ ನಿಂತು, ಮೇಲಕ್ಕೆ ಚಿಮ್ಮಿ, ಹಲಗೆಯ ಕಡೆಗೇ ಮುಖವಾಗಿ ಎರಡೂವರೆ ಸುತ್ತು. ಹಲಗೆಯನ್ನು ಸವರಿಕೊಂಡೇ ಕೆಳಗೆ ಹೋಗುವ ಹಾರಾಟ ಅದು. ಹಲಗೆ ದಾಟುವವರೆಗೆ ಮುದ್ದೆಯಾಗಿಯೇ ಇರಬೇಕು. ಅಲ್ಲಿಯೇ ಮೈ ಚಾಚಿದರೆ ತಲೆ ಎಲ್ಲಿಗೆ ಹೋಗುತ್ತದೆಂದು ಹತ್ತು ವರ್ಷದ ಮಕ್ಕಳಿಗೂ ಗೊತ್ತಿರುತ್ತದೆ.

ಅಪ್ಪ ಕೆಳಗೆ ಕೊಳದ ಅಂಚಿನಲ್ಲಿ. ನಾನು ಅವರ ಹಿಂದೆ, ನಾಲ್ಕು ಮೆಟ್ಟಿಲು ಮೇಲೆ, ಗ್ಯಾಲರಿಯ ಕಂಬಿಗೆ ಒರಗಿಕೊಂಡು. ಎಡ ಅಂಗೈಯಲ್ಲಿ ಕರಡಿಗೆ. ಅವಳು ಚಿಮ್ಮಿದಳು. ಒಂದು ಸುತ್ತು. ಇನ್ನೂ ಹಲಗೆಯ ಮಟ್ಟದಲ್ಲೇ ಇದ್ದಳು.

"ಒಗಿ!" ಎಂದೆ.

ಯೋಚಿಸದೆ ಬಾಯಿಂದ ಬಂದುಬಿಟ್ಟಿತು ಎಂದು ಹೇಳಿದರೆ ಕೇಳುವವರಿಗೆ ಸಮಾಧಾನ. ಅಷ್ಟು ಸುಳ್ಳು ಹೇಳುವ ಹುಮ್ಮಸ್ಸು ನನಗೆ ಈಗಿಲ್ಲ. ಉಸಿರು ಎಳೆದುಕೊಂಡದ್ದು ನೆನಪಿದೆ. ಅಷ್ಟು ಜೋರಾಗಿ ಕೂಗಲು ಉಸಿರು ಬೇಕು, ಉಸಿರೆಳೆದುಕೊಳ್ಳಲು ಹೊತ್ತು ಬೇಕು. ಆ ಹೊತ್ತು ನನಗಿತ್ತು.

ಅವಳ ಮೈ ವಿಧೇಯವಾಗಿ ಬಿಚ್ಚಿಕೊಂಡಿತು. ಆಗ ಅಪ್ಪನ ಕೂಗೂ ಬಂತು, ನನ್ನದರ ಬಾಲ ಹಿಡಿದುಕೊಂಡ ಹಾಗೆ, ಅದರ ಮೇಲೆಯೇ. ಹಲಗೆಯ ಅಂಚು ಅವಳ ಎಡಹುಬ್ಬಿಗೆ ಬಡಿದ ಸದ್ದು ಅಷ್ಟು ಗದ್ದಲದಲ್ಲೂ ಕೇಳಿಸಿತು. ನೀರಿಗೆ ಹೇಗೆ ಬಿದ್ದಳೆಂದು ನಾನು ನೋಡಲಿಲ್ಲ. ಧನಪಾಲ್ ಸರ್ ಬಟ್ಟೆ ಸಮೇತ ಹಾರಿದರು. ಅಪ್ಪ ಅಂಚಿನಲ್ಲಿ ನಿಂತೇ ಇದ್ದರು, ಬಾಯಿ ತೆರೆದುಕೊಂಡೇ.

ಎಗ್ಮೋರಿನ ಆಸ್ಪತ್ರೆಯೊಂದರಲ್ಲಿ ಹನ್ನೆರಡು ದಿನ ಇಟ್ಟರು. ಹುಬ್ಬಿನ ಮೂಳೆ ಬಿರುಕು ಬಿಟ್ಟು, ಏಟಿಗೆ ಕಣ್ಣಿನ ನರವೇ ಸತ್ತುಹೋಗಿತ್ತು. ನೋಡಲು ಕಣ್ಣು ಇದ್ದ ಹಾಗೇ ಇದೆ, ಕಾಣುವುದಿಲ್ಲ ಅಷ್ಟೇ ಎಂದರು ಡಾಕ್ಟರು. ಅವ್ವ ಮೊದಲು ನನ್ನನ್ನು ಕಾರಿಡಾರಿಗೆ ಎಳೆದಳು. "ಖರೇ ಹೇಳು. ಲಿಂಗ ಕೆಳಗಿಟ್ಟಿದ್ದೇನು? ಕೈ ಬದಲ್ಸಿದೇನು?"

"ಇಲ್ಲವ್ವ. ಕೈ ಬಿಡಲೇ ಇಲ್ಲ," ಎಂದೆ. ಅದು ನಿಜವಾಗಿತ್ತು. ಅವಳು ನನ್ನ ಎಡಗೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು.

ಶಿಲ್ಪಶ್ರೀಗೆ ಮಾತು ಬಂದದ್ದು ಮೂರನೆಯ ದಿನ. ಎರಡೂ ಕಣ್ಣಿಗೆ ಪಟ್ಟಿ. ಅಪ್ಪ ಮಂಚದ ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ಆ ಎರಡು ದನಿಗಳ ಮೇಲೆ ಬೆಳೆದ ಮೈ ಅವಳದು, ಯಾವ ದನಿ ಯಾರದೆಂದು ತಿಳಿಯದೇ ಇರುತ್ತದೆಯೇ? ಅವಳು ತಲೆಯನ್ನು ನಿಧಾನವಾಗಿ ಅಪ್ಪನ ಕಡೆ ಹೊರಳಿಸಿದಳು.

"ನೀವು ಮೊದಲ ಕೂಗಿದ್ರಿ, ಅಪ್ಪ," ಎಂದಳು.

ಅಪ್ಪ ಬಾಯಿಯ ಮೇಲೆ ಅಂಗೈ ಮುಚ್ಚಿಕೊಂಡರು. ನಾನು ನಿಂತಲ್ಲೇ ಕುಸಿದು ಕುರ್ಚಿಯಲ್ಲಿ ಕೂತೆ. ದುಃಖದಿಂದ ಎಂದು ನರ್ಸು ನೀರು ತಂದುಕೊಟ್ಟಳು.

ಮುಂದಿನ ಹದಿನಾಲ್ಕು ವರ್ಷವನ್ನು ಒಂದೇ ಮಾತಿನಲ್ಲಿ ಹೇಳಬಹುದು, ನನಗೆ ಅಪ್ಪ ಸಿಕ್ಕರು. ಮಂಡಿಯ ಹರಾಜನ್ನು ಅವರು ಬೇರೆಯವರಿಗೆ ವಹಿಸಿದರು. ದನಿ ಎತ್ತುವುದನ್ನೇ ಬಿಟ್ಟರು. ಬೀದಿಯಲ್ಲಿ ತರಕಾರಿಯವನನ್ನು ಕರೆಯಬೇಕಾದರೂ ಚಪ್ಪಾಳೆ ತಟ್ಟುತ್ತಿದ್ದರು. ಕೊಳದ ಕಡೆ ತಲೆ ಹಾಕಲಿಲ್ಲ. ನಾನು ಸಿದ್ಧಲಿಂಗೇಶರನ್ನು ಮದುವೆಯಾಗಿ, ಪೆರುಂಗುಡಿಯಲ್ಲಿ ಕೆಲಸಕ್ಕೆ ಸೇರಿ, ಎರಡೇ ಬೀದಿಯಾಚೆ ಮನೆ ಮಾಡಿದೆ. ಸಂಜೆ ನಾನು ಬರುವ ಹೊತ್ತಿಗೆ ಅಪ್ಪ ಗೇಟಿನಲ್ಲಿ ನಿಂತಿರುತ್ತಿದ್ದರು. ನನ್ನ ಕೈಯ ಚಹಾವೇ ಬೇಕು. ನನ್ನನ್ನು ಎಮ್ಮೆ ಎಂದ ಬಾಯಿ ಈಗ "ಪೂರ್ಣಿ, ಕುಂದ್ರವ್ವ, ದಣಿದೀ" ಎನ್ನುತ್ತಿತ್ತು. ತಿಂಗಳಿಗೊಮ್ಮೆಯಾದರೂ ಕೇಳುತ್ತಿದ್ದರು.

"ನೀ ಹಿಂದ ಇದ್ದೆಲ್ಲ. ನಾ ಖರೇನ ಮೊದಲ ಕೂಗಿದ್ನೇನು?"

"ಒಂಚೂರು ಮೊದಲು, ಅಪ್ಪ. ಬಿಡ್ರಿ ಈಗ ಅದನ್ನ," ಎನ್ನುತ್ತಿದ್ದೆ. ಸಮಾಧಾನ ಹೇಳುವ ದನಿಯಲ್ಲಿ. ಅವರು ತಲೆಯಾಡಿಸಿ ನನ್ನ ಕೈಹಿಡಿದುಕೊಳ್ಳುತ್ತಿದ್ದರು. ಆ ಹಿಡಿತ ನನಗೆ ಬೇಕಾಗಿತ್ತು. ಅದಕ್ಕಾಗಿ ಆ ಉತ್ತರವನ್ನು ನೂರು ಸಲ ಕೊಟ್ಟಿದ್ದೇನೆ, ಇನ್ನೂ ನೂರು ಸಲ ಕೊಡಲೂ ಸಿದ್ಧಳಿದ್ದೆ.

ಶಿಲ್ಪಶ್ರೀ ಮತ್ತೆ ಹಾರಲಿಲ್ಲ. ಕೋಚಿಂಗ್ ಡಿಪ್ಲೊಮಾ ಮಾಡಿ ಅದೇ ಕೊಳಕ್ಕೆ ಹೋದಳು. ಮದುವೆಯ ಮಾತು ಬಂದವರು ಕಣ್ಣು ನೋಡಿ ವಾಪಸಾದರು, ಅವಳೂ ತಲೆಕೆಡಿಸಿಕೊಳ್ಳಲಿಲ್ಲ. ಮಕ್ಕಳು ಬೆನ್ನ ಹಿಂದೆ ಅವಳನ್ನು ತಮಿಳಿನಲ್ಲಿ "ಒತ್ತಕಣ್ಣು ಮಿಸ್", ಒಂಟಿಕಣ್ಣಿನ ಮಿಸ್, ಎನ್ನುತ್ತಾರೆ, ಎದುರಿಗೆ ಬಂದರೆ ಉಚ್ಚೆ ಹೊಯ್ದುಕೊಳ್ಳುತ್ತಾರೆ. ಅಪ್ಪ ಮಾಡಿದ್ದನ್ನೆಲ್ಲ ಅವಳು ಮಾಡುತ್ತಾಳೆ, ಕಣ್ಣೊರೆಸುವುದೊಂದನ್ನು ಬಿಟ್ಟು. ಅಪ್ಪನ ಮನೆಯಲ್ಲೇ ಇದ್ದುಕೊಂಡು ಅಪ್ಪನೊಡನೆ ಅಗತ್ಯಕ್ಕಷ್ಟೇ ಮಾತು. ಊಟಕ್ಕೆ ಕೂತರೆ ಕುರುಡುಗಣ್ಣಿನ ಕಡೆ ಅಪ್ಪ ಬರುವಂತೆ ಕೂರುತ್ತಿದ್ದಳು. ನನ್ನೊಡನೆ ಮಾತ್ರ ಪ್ರೀತಿಯಿಂದಲೇ ಇದ್ದಳು. ಅದೇ ನನ್ನನ್ನು ಒಮ್ಮೊಮ್ಮೆ ಹೆದರಿಸುತ್ತಿತ್ತು.

ನನ್ನ ಮಗಳು ತೇಜು ಎಂಟಕ್ಕೆ ಬಿದ್ದಾಗ ಶಿಲ್ಪಶ್ರೀಯೇ ಬಂದು ಕೇಳಿದಳು. "ಕೊಡು ಅಕ್ಕ, ನಾನು ಕಲಸ್ತೀನಿ." ನಾನು ಬೇಡವೆಂದೆ. ತೇಜು ಅತ್ತು ಕರೆದು ರಂಪ ಮಾಡಿದಳು. ತಮಿಳು ಮೀಡಿಯಮ್ಮಿನ ಗೆಳತಿಯರೆಲ್ಲ ಹೋಗುತ್ತಾರಂತೆ. ಅಪ್ಪ ಮೆಲ್ಲಗೆ, "ಹೋಗ್ಲಿ ಬಿಡವ್ವ, ಆಕಿ ನೋಡ್ಕೊಂತಾಳ," ಎಂದರು. ಅವರ ಮಾತನ್ನು ತೆಗೆದುಹಾಕುವುದು ನನ್ನಿಂದಾಗಲಿಲ್ಲ. ಒಂದೂವರೆ ವರ್ಷ ಕಳೆಯಿತು. ಹೋದ ತಿಂಗಳು ಶಿಲ್ಪಶ್ರೀ ಫೋನ್ ಮಾಡಿದಳು.

"ಶನಿವಾರ ತೇಜು ಮೊದಲನೇ ಸಲ ಮೂರು ಮೀಟರಿಂದ ಒಂದೂವರೆ ಸುತ್ತು ಹೊಡೀತಾಳ. ಬಾ ಅಕ್ಕ. ಅಪ್ಪನ್ನ ನಾನು ಕರ್ಕೊಂಡ್ ಬರ್ತೀನಿ."

"ಅಪ್ಪ ಬರಲ್ಲ."

"ಬರ್ತಾರ. ಕೇಳಿದೀನಿ."

ಬಂದಿದ್ದರು. ಬಿಳಿ ಪಂಚೆ, ಅಂಗಿ, ಹಣೆಯ ಮೇಲೆ ವಿಭೂತಿ. ಅವತ್ತು ನಾನು ಒರಗಿ ನಿಂತಿದ್ದ ಕಂಬಿಯ ಹತ್ತಿರವೇ ಅವಳು ಅವರಿಗೆ ಕುರ್ಚಿ ಹಾಕಿಸಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಉಳಿದ ಮಕ್ಕಳನ್ನು ಅವಳು ಮೊದಲೇ ಕಳುಹಿಸಿಬಿಟ್ಟಿದ್ದಳು. ನೀರು ಸದ್ದಿಲ್ಲದೆ ನಿಂತಿತ್ತು. ತೇಜು ಓಡಿ ಬಂದು ತನ್ನ ಕರಡಿಗೆಯನ್ನು ನನ್ನ ಎಡ ಅಂಗೈಗೆ ಹಾಕಿ ಓಡಿದಳು. ಅವ್ವ ಮನೆಯಲ್ಲೇ ಕೂತು ಮೊಮ್ಮಗಳಿಗೂ ಆ ಕ್ರಮ ಕಲಿಸಿದ್ದಳು.

ಮಗು ಏಣಿ ಹತ್ತಿ ಹಲಗೆಯ ಹಿಂತುದಿಯಲ್ಲಿ ನಿಂತಿತು. ಅಷ್ಟೆತ್ತರದಲ್ಲಿ ಅಷ್ಟು ಸಣ್ಣ ಮೈ. ಶಿಲ್ಪಶ್ರೀ ಕೆಳಗಿನ ಅಂಚಿನಿಂದ ನನ್ನತ್ತ ತಿರುಗಿದಳು.

"ಅಕ್ಕಾ, ನೀನ ಕೂಗು."

"ನಾನೇಕೆ? ನೀನು ಕೋಚು."

"ಈ ಬದಿಯಿಂದ ನನಗ ಕಾಣ್ಸಲ್ಲ. ಎಡಗಣ್ಣು," ಎಂದು ಹುಬ್ಬಿನ ಗಾಯದ ಗೆರೆಯ ಮೇಲೆ ಬೆರಳಿಟ್ಟಳು. "ಆಕೀಗೆ ಕೂಗಿಲ್ಲದ ಬಿಡಾಕ ಇನ್ನೂ ಬರಲ್ಲ. ನಮ್ಮ ಮಾತನ್ನ ಕಲಿಸೀನಿ."

"ಆ ಬದಿಗೆ ಹೋಗಿ ನಿಲ್ಲು!"

ಅವಳು ನಕ್ಕಳು. ಮುಂದಿನ ಸೀಟಿನಲ್ಲಿ ಕೂತು ನಕ್ಕಿದ್ದ ಅದೇ ನಗು. ಆಮೇಲೆ ಕೈ ಮೇಲೆತ್ತಿ ಮಗುವಿಗೆ ಸನ್ನೆ ಮಾಡಿಬಿಟ್ಟಳು.

"ಅಮ್ಮಾ, ರೆಡಿಯಾ?" ಎಂದು ಮೇಲಿನಿಂದ ಮಗು ಕೂಗಿತು. ಉತ್ತರಕ್ಕೆ ಕಾಯಲಿಲ್ಲ. ಹೆಜ್ಜೆ ಹಾಕಿತು. ಒಂದು, ಎರಡು, ಮೂರು. ಹಲಗೆ ಬಾಗಿತು. ನಾನು ಸುಮ್ಮನಿದ್ದರೆ ಮಗು ಮುದ್ದೆಯಾಗಿಯೇ ಬೆನ್ನು ಅಡಿಯಾಗಿ ನೀರಿಗೆ ಬಡಿಯುತ್ತದೆ. ಕೂಗಬೇಕೆಂದರೆ, ಗದ್ದಲವಿಲ್ಲದ ಈ ಕೊಳದಲ್ಲಿ, ಅಪ್ಪನ ಕಿವಿಯ ಪಕ್ಕದಲ್ಲೇ ನಿಂತು ಕೂಗಬೇಕು. ಹಲಗೆ ಮಗುವನ್ನು ಮೇಲಕ್ಕೆ ಎಸೆಯಿತು.

"ಒಗಿ!"

ಮೈ ಬಿಚ್ಚಿಕೊಂಡಿತು. ಬೆರಳುಗಳು ಮೊದಲು, ತಲೆ, ಸೊಂಟ, ಕಾಲು. ನೀರು ಒಂದು ಹಿಡಿಯಷ್ಟೇ ಮೇಲೆದ್ದಿತು. ನೂರರಲ್ಲಿ ಒಂದು ಪಾಲು ಕ್ಷಣವೂ ತಪ್ಪಿರಲಿಲ್ಲ.

"ನೋಡ್ರಿ ಅಪ್ಪ," ಎಂದಳು ಶಿಲ್ಪಶ್ರೀ ಕೆಳಗಿನಿಂದ. "ಅಕ್ಕಗ ಕೂಗೋದು ಎಷ್ಟು ಕರೆಕ್ಟಾಗಿ ಬರ್ತದ."

ಅಪ್ಪ ಕುರ್ಚಿಯಲ್ಲಿ ಕದಲದೆ ಕೂತಿದ್ದರು. ಆಮೇಲೆ ತಲೆಯನ್ನು ನಿಧಾನವಾಗಿ ಎತ್ತಿ ನನ್ನ ಬಾಯಿಯನ್ನು ನೋಡಿದರು. ಕಣ್ಣನ್ನಲ್ಲ, ಬಾಯಿಯನ್ನು.

"ಈ ದನಿ ನಾ ಅವತ್ತು ಕೇಳೀನಿ," ಎಂದರು. "ನನ್ನ ದನಿಗಿಂತ ಮೊದಲ. ಇಲ್ಲೇ, ನನ್ನ ಬೆನ್ನಿನ ಹಿಂದ. ನನ್ನ ಭ್ರಮಾ ಅಂದ್ಕೊಂಡಿದ್ದೆ."

"ಅಪ್ಪ..."

"ನಿನ್ನ ಎಷ್ಟು ಸಲ ಕೇಳೀನಿ ಪೂರ್ಣಿ? ಎಷ್ಟು ಸಲ?"

ನಾನು ಅಂಚಿನತ್ತ ನೋಡಿದೆ. "ನಿನಗೆ ಗೊತ್ತಿತ್ತು," ಎಂದೆ ತಂಗಿಗೆ. "ಅವತ್ತೇ ಗೊತ್ತಿತ್ತು ನಿನಗೆ. ಅವರ ಮೇಲೆ ಯಾಕೆ ಹಾಕಿದೆ?"

"ನನ್ನ ಕಿವ್ಯಾಗ ಹತ್ತಿ ತುರುಕಿ ಹಾರ್ಸಿದ್ದು ಯಾರು? ಅವರಿಗೆ ಹದಿನಾಲ್ಕು ವರ್ಷದ ಶಿಕ್ಷೆ ಸಾಕು ಅಂತ ನನಗ ಅನ್ನಿಸ್ತು." ಚರ್ಮದ ತುಂಡನ್ನು ಹಿಂಡುತ್ತ, ಏನೋ ಸಾಮಾನ್ಯ ಸುದ್ದಿ ಹೇಳುವಂತೆ ಹೇಳಿದಳು. "ಈಗ ನಿನ್ನ ಸರದಿ, ಅಕ್ಕ. ಇಬ್ಬರನ್ನೂ ಒಟ್ಟಿಗೆ ಮುಗಿಸಿದ್ರ ನನಗೇನು ಉಳೀತಿತ್ತು?"

ಅಪ್ಪ ಅವಳತ್ತ ಒಮ್ಮೆ ನೋಡಿದರು. ಅವಳಿಗೆ ಏನಾದರೂ ಅನ್ನುತ್ತಾರೆಂದು ನಾನು ಕಾದೆ. ಕಂಬಿ ಹಿಡಿದು ಎದ್ದು ನಿಂತು ನನ್ನ ಮುಂದೆ ಬಂದು ಕೈ ಚಾಚಿದರು. ಹಿಡಿದುಕೊಳ್ಳಲು ಕೇಳುತ್ತಿದ್ದಾರೆಂದು ನಾನು ಹುಚ್ಚಿಯ ಹಾಗೆ ನನ್ನ ಬಲಗೈ ಕೊಟ್ಟೆ. ಅದನ್ನು ಸರಿಸಿದರು.

"ಅದಲ್ಲ. ಕೂಸಿನ ಲಿಂಗ ಇತ್ತ ಕೊಡು."

ನನ್ನ ಎಡ ಅಂಗೈಯನ್ನು ಅವರೇ ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಎತ್ತಿ, ಕರಡಿಗೆಯನ್ನು ತೆಗೆದುಕೊಂಡರು. ಅದನ್ನು ಅಂಗಿಯಿಂದ ಒರೆಸಿದರು. ಎರಡು ಸಲ ಒರೆಸಿದರು. ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಕೊಳದ ಅಂಚಿಗೆ ಹೋಗಿ ನಿಂತರು. ತೇಜು ನೀರಿನಿಂದ ಹತ್ತಿ ಬಂದು, "ತಾತಾ, ಪಾತ್ತೀಂಗಳಾ?" ಎಂದು ಕುಣಿದಳು.

"ನೋಡ್ದೆ ಕೂಸೆ. ಮತ್ತ ಹತ್ತು," ಎಂದರು.

ಮಗು ಮತ್ತೆ ಹತ್ತಿತು. ಹೆಜ್ಜೆ ಹಾಕಿತು, ಚಿಮ್ಮಿತು. ಹದಿನಾಲ್ಕು ವರ್ಷದ ಮೇಲೆ ಅಪ್ಪ ಪೂರ್ತಿ ಗಂಟಲಿನಲ್ಲಿ ಕೂಗಿದರು. ಹೊರಗೆ ರಸ್ತೆಯವರೆಗೂ ಕೇಳಿಸಿರಬೇಕು. ಕೊಂಚ ತಡವಾಯಿತು, ಮಗುವಿನ ಕಾಲು ನೀರನ್ನು ಚಿಮ್ಮಿಸಿತು. ಅಪ್ಪ ನಕ್ಕರು, ತಂಗಿಯೂ ನಕ್ಕಳು, ಮೂವರೂ ಇನ್ನೊಂದು ಸಲಕ್ಕೆ ಸಿದ್ಧರಾದರು. ನಾನು ಮೇಲೆ ಕಂಬಿಯ ಹತ್ತಿರ ಎಡಗೈಯನ್ನು ಚಾಚಿಕೊಂಡೇ ನಿಂತಿದ್ದೆ. ಆ ಸಂಜೆ ಗೇಟಿನಲ್ಲಿ ಯಾರೂ ಇರಲಿಲ್ಲ.